11 ತಿಂಗಳು, 42 ಸಹಿ

ಕಳೆದ ಮಂಗಳವಾರ ನನ್ನ ಕೌಶಲ ಪುಸ್ತಿಕೆಯಲ್ಲಿ ಕೊನೆಯ ಸಹಿ ಬಿತ್ತು. ಒಂದೊಂದು ಕೆಲಸವನ್ನು ಸರಿಯಾಗಿ ಮಾಡಿ ತೋರಿಸಿದರೆ ಅದರಲ್ಲಿ ಒಂದೊಂದು ಸಹಿ, ಒಟ್ಟು 42 ಸಹಿ. ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಮಾಡುವ ತರಬೇತಿಗೆ ಹೆಸರು ಕೊಟ್ಟ ದಿನದಿಂದ ಲೆಕ್ಕ ಹಿಡಿದರೆ 11 ತಿಂಗಳು. ಆರು ತಿಂಗಳಲ್ಲಿ ಎಲ್ಲ ಮುಗಿಸಿ ಕೆಲಸದಲ್ಲಿರುತ್ತೇನೆ ಎಂದು ಮನೆಯಲ್ಲಿ ಜಂಬ ಕೊಚ್ಚಿದ್ದೆ. ಉಳಿದ ಐದು ತಿಂಗಳಲ್ಲಿ ಅರ್ಧ ಕಾಗದಪತ್ರಗಳಿಗೆ ಹೋಯಿತು, ಅರ್ಧ ನನ್ನದೇ ತಪ್ಪುಗಳಿಗೆ. ಇದೇ ದಾರಿಯಲ್ಲಿ ಬರುವವರಿಗೆ ಅಷ್ಟಾದರೂ ಉಳಿಯಲಿ ಎಂದು, ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಹುದ್ದೆಯ ಹೆಸರು ಪೇಷೆಂಟ್ ಕೇರ್ ಟೆಕ್ನಿಷಿಯನ್. ಹೆಸರು ಕೇಳಿದವರು ಯಾವುದೋ ಯಂತ್ರ ನಡೆಸುವ ಕೆಲಸ ಎಂದುಕೊಳ್ಳುತ್ತಾರೆ. ಯಂತ್ರಗಳೇನೋ ಇವೆ, ಆದರೆ ದಿನದ ಹೆಚ್ಚಿನ ಹೊತ್ತು ನಮ್ಮ ಕೈಯಲ್ಲಿರುವುದು ಒದ್ದೆ ಬಟ್ಟೆ, ಬೆಡ್‌ಪ್ಯಾನ್ ಮತ್ತು ಪೆನ್ನು. ನರ್ಸ್‌ಗಳ ಮೇಲ್ವಿಚಾರಣೆಯಲ್ಲಿ ರೋಗಿಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ತಿನ್ನಿಸುವುದು, ನಡೆಸುವುದು, ಬಿಪಿ, ನಾಡಿ, ಜ್ವರ, ಉಸಿರು ನೋಡಿ ಬರೆಯುವುದು, ಬೆರಳು ಚುಚ್ಚಿ ಸಕ್ಕರೆ ನೋಡುವುದು, ಇಸಿಜಿ ತೆಗೆಯುವುದು, ಅನುಮತಿ ಇರುವ ಕಡೆ ರಕ್ತ ತೆಗೆಯುವುದು ನಮ್ಮ ಪಾಲು. ಔಷಧ ಕೊಡುವಂತಿಲ್ಲ. ಡ್ರಿಪ್ಪಿನ ಯಂತ್ರ ಕೂಗಿಕೊಂಡರೆ ಗುಂಡಿ ಒತ್ತುವಂತಿಲ್ಲ, ನರ್ಸ್ ಅವರನ್ನು ಕರೆಯಬೇಕು. ರೋಗಿಯ ಕಡೆಯವರಿಗೆ ಇದು ಅರ್ಥವಾಗುವುದಿಲ್ಲ. “ಒಂದು ಗುಂಡಿ ತಾನೆ, ಒತ್ತಬಾರದೇ?” ಎಂದು ಎಷ್ಟು ಜನ ನನ್ನ ಮೇಲೆ ರೇಗಿದ್ದಾರೋ ಲೆಕ್ಕವಿಲ್ಲ.

ನನಗೆ 41 ವರ್ಷ. ಹನ್ನೆರಡು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದವಳು. ತರಗತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗಿಗೆ ಹತ್ತೊಂಬತ್ತು. ಮೊದಲ ವಾರ ಅವಳು ನನ್ನನ್ನು ಆಂಟಿ ಎಂದಳು. ಎರಡನೇ ವಾರ ಒಬ್ಬರ ಕೈ ಇನ್ನೊಬ್ಬರು ಕಟ್ಟಿ ನರ ಹುಡುಕುವಾಗ ಆಂಟಿತನ ಹೊರಟುಹೋಯಿತು.

ತರಗತಿ ಶುರುವಾದ ದಿನವೇ ನಮ್ಮ ಶಿಕ್ಷಕಿ, “ಲಸಿಕೆಯ ಕಾರ್ಡು ಈಗಲೇ ಹುಡುಕಿ” ಎಂದಿದ್ದರು. ಕೆಲಸ ಸಿಕ್ಕಾಗ ನೋಡಿದರಾಯಿತು ಎಂದು ಬಿಟ್ಟೆ. ಈ ಉದಾಸೀನ ನನಗೆ ತುಂಬಾ ತುಟ್ಟಿಯಾಯಿತು. ಹೆಪಟೈಟಿಸ್ ಬಿ ಲಸಿಕೆಯ ಸಾಮಾನ್ಯ ಕ್ರಮ ಮೂರು ಡೋಸು: ಮೊದಲನೆಯದು, ಒಂದು ತಿಂಗಳ ನಂತರ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಅದಾದ ಮೇಲೆ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಬಂದಿದೆಯೇ ಎಂದು ನೋಡುತ್ತಾರೆ. ಪ್ರತಿ ಮಿಲಿಲೀಟರಿಗೆ 10 ಮಿಲಿ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ ಎಂದು ಲೆಕ್ಕ. ಮೊದಲ ಡೋಸು ಆದೊಡನೆ ಕೆಲಸಕ್ಕೆ ಸೇರಿಸಿಕೊಳ್ಳುವವರೂ ಇದ್ದಾರೆ. ನಾನು ಅರ್ಜಿ ಹಾಕಿದ ಆಸ್ಪತ್ರೆ ಎರಡಾಗಲಿ ಎಂದಿತು. ತರಗತಿಯ ಮೊದಲ ವಾರದಲ್ಲೇ ಚುಚ್ಚಿಸಿಕೊಂಡಿದ್ದರೆ ಓದು ಮುಗಿಯುವ ಹೊತ್ತಿಗೆ ಎರಡೂ ಆಗಿರುತ್ತಿದ್ದವು. ನೀವು ಇವತ್ತು ತರಬೇತಿಗೆ ಹೆಸರು ಕೊಟ್ಟಿದ್ದರೆ ನಾಳೆ ಲಸಿಕೆಗೆ ಹೋಗಿ.

ದಡಾರ, ಮಂಗನಬಾವು, ರುಬೆಲ್ಲಾ, ಸಿಡುಬು ಇವಕ್ಕೂ ಪುರಾವೆ ಕೇಳುತ್ತಾರೆ. (ಸಿಡುಬು ಎಂದರೆ ಇಲ್ಲಿ ಚಿಕನ್‌ಪಾಕ್ಸ್.) ಬಾಲ್ಯದ ಕಾರ್ಡು ಕಳೆದುಹೋಗಿದ್ದರೆ ಗಾಬರಿ ಬೇಡ. ರಕ್ತದಲ್ಲಿ ಪ್ರತಿಕಾಯ ಇದೆ ಎಂಬ ವರದಿ ಸಾಕು. ನಾನು ಆತುರಪಟ್ಟು ಹೊರಗಿನ ಪ್ರಯೋಗಾಲಯದಲ್ಲಿ ಕೈಯಿಂದ ಹಣ ಕೊಟ್ಟು ಮಾಡಿಸಿದೆ. ಆಮೇಲೆ ತಿಳಿಯಿತು, ಆಯ್ಕೆಯಾದವರಿಗೆ ಆಸ್ಪತ್ರೆಯೇ ಆ ಪರೀಕ್ಷೆಗಳನ್ನು ಉಚಿತವಾಗಿ ಮಾಡಿಸುತ್ತದೆ ಎಂದು. ಯಾವ ಖರ್ಚು ಯಾರದು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ, ಅದರಲ್ಲಿ ಸಂಕೋಚವೇನೂ ಬೇಡ.

ತರಗತಿಯ ನಾಲ್ಕು ತಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಸ್ತಕದ ಪಾಠ ಯಾರಿಗಾದರೂ ಬರುತ್ತದೆ. ಕೈಗೆ ಬರಲು ಹೊತ್ತು ಬೇಕು. ಹೃದಯ ನಿಂತವರ ಎದೆ ಒತ್ತುವ ತರಬೇತಿಯಲ್ಲಿ 30 ಸಲ ಒತ್ತಿ ಎರಡು ಸಲ ಉಸಿರು ಕೊಡಬೇಕು, ನಿಮಿಷಕ್ಕೆ 100ರಿಂದ 120ರ ವೇಗ, ಕನಿಷ್ಠ 5 ಸೆಂಟಿಮೀಟರ್ ಆಳ, 6 ಮೀರಬಾರದು. ಓದುವಾಗ ಸುಲಭ. ಎರಡನೇ ನಿಮಿಷಕ್ಕೆ ನನ್ನ ಮೊಣಕೈ ಮಡಿಚಿತು, ಸರಿಯಾಗಿ ಒತ್ತಿದಾಗ ಅಭ್ಯಾಸದ ಗೊಂಬೆಯ ಒಳಗೆ ಆಗುವ ಸದ್ದು ನಿಂತಿತು. ನೆಲದ ಮೇಲೆ ಮಂಡಿಯೂರಿ ಅತ್ತುಬಿಟ್ಟೆ. ಯಾರೂ ನಗಲಿಲ್ಲ, ಮೊದಲು ಮಾಡಿದವನೂ ಒದ್ದೆ ಅಂಗಿಯಲ್ಲೇ ಕುಳಿತಿದ್ದ.

ರಕ್ತ ತೆಗೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಒಮ್ಮೆ ನಪಾಸಾದೆ. ಸೂಜಿ ಸರಿಯಾಗಿಯೇ ಹೋಗಿತ್ತು, ತೋಳಿಗೆ ಕಟ್ಟಿದ ಪಟ್ಟಿಯನ್ನೂ ಒಂದು ನಿಮಿಷದೊಳಗೆ ಬಿಚ್ಚಿದ್ದೆ. ತಪ್ಪಿದ್ದು ಬಾಟಲಿಗಳ ಸರದಿಯಲ್ಲಿ. ಹಳದಿ ಮುಚ್ಚಳದ್ದು ತುಂಬಬೇಕಾದಲ್ಲಿ ನೇರಳೆಯನ್ನು ಮೊದಲು ತುಂಬಿದೆ. ಬಣ್ಣದಲ್ಲೇನಿದೆ ಎಂದು ಒಳಗೊಳಗೇ ಸಿಟ್ಟು. ಪರೀಕ್ಷಕರು ಕೂರಿಸಿಕೊಂಡು ವಿವರಿಸಿದರು: ನೇರಳೆ ಮುಚ್ಚಳದ ಬಾಟಲಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಇಡಿಟಿಎ ಎಂಬ ರಾಸಾಯನಿಕದ ಪೊಟ್ಯಾಸಿಯಂ ಲವಣ ಇರುತ್ತದೆ, ಅದರ ಒಂದು ತೊಟ್ಟು ಮುಂದಿನ ಬಾಟಲಿಗೆ ಸೇರಿದರೂ ರೋಗಿಯ ಪೊಟ್ಯಾಸಿಯಂ ಸುಳ್ಳುಸುಳ್ಳೇ ಹೆಚ್ಚು, ಕ್ಯಾಲ್ಸಿಯಂ ಕಡಿಮೆ ತೋರಿಸಬಹುದು. ಆ ಸುಳ್ಳು ಅಂಕಿ ನೋಡಿ ವೈದ್ಯರು ಚಿಕಿತ್ಸೆ ಶುರುಮಾಡಿಬಿಟ್ಟರೆ? ಅಂದಿನಿಂದ ಸರದಿಯನ್ನು ಮಗ್ಗಿಯಂತೆ ಹೇಳಿಕೊಳ್ಳುತ್ತೇನೆ: ಕಲ್ಚರ್ ಬಾಟಲಿ (ರಕ್ತದಲ್ಲಿ ರೋಗಾಣು ಇದೆಯೇ ಎಂದು ನೋಡುವುದಕ್ಕೆ), ತಿಳಿನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಬೂದು. ಹದಿನೈದು ದಿನ ಬಿಟ್ಟು ಮರುಪರೀಕ್ಷೆ, ಮತ್ತೆ ಶುಲ್ಕ. ಪಾಸಾದೆ.

ಅರ್ಜಿ ಹಾಕಿ ಮೂರು ವಾರ ಸುದ್ದಿಯೇ ಇಲ್ಲ. ಫೋನು ಮಾಡಿದರೆ “ಪರಿಶೀಲನೆಯಲ್ಲಿದೆ.” ಸಂದರ್ಶನದಲ್ಲಿ ಒಂದು ಪ್ರಶ್ನೆ ನನ್ನನ್ನು ಕೆಡವಿತು. “ನಿಮಗೆ ಗೊತ್ತಿಲ್ಲದ ಕೆಲಸವನ್ನು ಸಿಸ್ಟರ್ ಹೇಳಿದರೆ ಏನು ಮಾಡುತ್ತೀರಿ?” ನಾನು ಹುರುಪಿನಿಂದ, “ಹೇಗಾದರೂ ಕಲಿತು ಮಾಡುತ್ತೇನೆ” ಎಂದೆ. ಎದುರಿಗಿದ್ದ ಹಿರಿಯ ನರ್ಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೇಗಾದರೂ ಮಾಡಬೇಡಿ ಅಮ್ಮ. ನನಗೆ ಇದರ ಸಹಿ ಆಗಿಲ್ಲ ಎಂದು ಹೇಳಿ.” ಹೊರಗೆ ಬಂದಾಗ ಕೆಲಸ ಹೋಯಿತು ಎಂದೇ ಅನಿಸಿತ್ತು. ನಾಲ್ಕು ದಿನಕ್ಕೆ ಆಯ್ಕೆಯ ಪತ್ರ ಬಂತು.

ಪತ್ರ ಬಂದರೆ ಕೆಲಸ ಸಿಕ್ಕಿತೆಂದಲ್ಲ. ಅದರ ಜೊತೆಗೇ ಎರಡು ಪುಟ ದಾಖಲೆಗಳ ಪಟ್ಟಿ ಇತ್ತು: ಗುರುತಿನ ಚೀಟಿ, ವಿದ್ಯಾರ್ಹತೆಯ ಪತ್ರ, ತರಬೇತಿಯ ಪ್ರಮಾಣಪತ್ರ, ಜೀವರಕ್ಷಣಾ ತರಬೇತಿಯ ಕಾರ್ಡು, ಪೊಲೀಸ್ ಪರಿಶೀಲನೆ, ಇಬ್ಬರ ಶಿಫಾರಸು, ಲಸಿಕೆ, ಕ್ಷಯದ ಪರೀಕ್ಷೆ. ನನ್ನ ಶಾಲೆಯ ಪ್ರಮಾಣಪತ್ರದಲ್ಲಿ ಮದುವೆಗೆ ಮುಂಚಿನ ಹೆಸರು, ಗುರುತಿನ ಚೀಟಿಯಲ್ಲಿ ಈಗಿನದು. ಇಬ್ಬರೂ ನಾನೇ ಎಂದು ಸಾಬೀತು ಮಾಡಲು ಅಫಿಡವಿಟ್, ಮೊಹರು, ಓಡಾಟ ಎಂದು ಹನ್ನೆರಡು ದಿನ ಹಿಡಿಯಿತು. ಹನ್ನೆರಡು ವರ್ಷ ಮನೆಯಲ್ಲಿದ್ದವಳಿಗೆ ಶಿಫಾರಸು ಕೊಡುವವರು ಯಾರು? ಕೊನೆಗೆ ತರಗತಿಯ ಶಿಕ್ಷಕಿಯೇ ಒಂದು ಬರೆದುಕೊಟ್ಟರು. ಇನ್ನೊಂದನ್ನು ಹಳೆಯ ಕಚೇರಿಯ ಮೇಲಧಿಕಾರಿಯನ್ನು ಹುಡುಕಿ ಪಡೆದೆ. ಅವರಿಗೆ ನನ್ನ ನೆನಪೇ ಇರಲಿಲ್ಲ, ಪಾಪ. ಒಂದು ಹಳೆಯ ಗುಂಪುಚಿತ್ರ ತೋರಿಸಬೇಕಾಯಿತು.

ಕ್ಷಯದ ಚರ್ಮ ಪರೀಕ್ಷೆಯಲ್ಲಿ ಮುಂಗೈಗೆ ಸಣ್ಣದಾಗಿ ಚುಚ್ಚಿ ಕಳಿಸುತ್ತಾರೆ. 48ರಿಂದ 72 ಗಂಟೆಯೊಳಗೆ ಹೋಗಿ ತೋರಿಸಬೇಕು, ಊದಿದ ಗಟ್ಟಿ ಭಾಗವನ್ನು ಅಳೆಯುತ್ತಾರೆ. ನಾನು ಗುರುವಾರ ಮಧ್ಯಾಹ್ನ ಚುಚ್ಚಿಸಿಕೊಂಡೆ. ಶನಿವಾರ, ಭಾನುವಾರ ಆ ವಿಭಾಗಕ್ಕೆ ರಜೆ. ಸೋಮವಾರ ಹೋದರೆ, “ಹೊತ್ತು ಮೀರಿದೆ, ಮತ್ತೆ ಮಾಡಿಸಿ.” ಎರಡನೇ ಸಲ ಸೋಮವಾರವೇ ಹೋಗಿ ಬುಧವಾರ ತೋರಿಸಿದರೆ ಪಾಸಿಟಿವ್. ಜೀವ ಬಾಯಿಗೆ ಬಂತು. ರಾತ್ರಿಯೆಲ್ಲ ಕೆಮ್ಮದಿದ್ದರೂ ಕೆಮ್ಮಿದಂತಾಗುತ್ತಿತ್ತು. ವೈದ್ಯರು ಕೇಳಿದ್ದು ಒಂದೇ ಮಾತು: “ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿದ್ದರೇ?” ಆ ಕ್ಷಯದ ಲಸಿಕೆಯ ಕಲೆ ತೋಳಿನಲ್ಲಿತ್ತು, ತೋರಿಸಿದೆ. ಬಿಸಿಜಿ ಆದವರಲ್ಲಿ ಈ ಚರ್ಮ ಪರೀಕ್ಷೆ ರೋಗವಿಲ್ಲದೆಯೂ ಪಾಸಿಟಿವ್ ಬರಬಹುದು. ಇಗ್ರಾ ಎಂಬ ರಕ್ತಪರೀಕ್ಷೆಗೆ ಬಿಸಿಜಿಯ ಗೊಂದಲ ತಾಗುವುದಿಲ್ಲ. ಅದು ನೆಗೆಟಿವ್ ಬಂತು, ಎದೆಯ ಎಕ್ಸ್‌ರೇ ಕೂಡ ಸರಿಯಾಗಿತ್ತು. ತೋಳಿನಲ್ಲಿ ಆ ಕಲೆ ಇದ್ದವರು ಮೊದಲೇ ರಕ್ತಪರೀಕ್ಷೆ ಮಾಡಬಹುದೇ ಎಂದು ಕೇಳಿ. ನನಗೆ ಈ ಒಂದು ಚುಚ್ಚಿನಿಂದ ಸುಮಾರು ಒಂದು ತಿಂಗಳು ಹೋಯಿತು.

ಸೇರುವ ಹಿಂದಿನ ದಿನ ಸೆಕೆಂಡಿನ ಮುಳ್ಳಿರುವ ಕೈಗಡಿಯಾರ ಕೊಂಡೆ. ಬೂಟು ಕೊಂಡೆ, ಒಳ್ಳೆಯದನ್ನೇ. ಬೂಟಿನ ವಿಷಯದಲ್ಲಿ ಜಿಪುಣತನ ಬೇಡ, 12 ಗಂಟೆಯ ಪಾಳಿಯಲ್ಲಿ ಕೂರುವುದು ಊಟಕ್ಕೆ ಮಾತ್ರ. ಗಡಿಯಾರ ಮಾತ್ರ ದಂಡ. ಮೊದಲ ದಿನವೇ ಸೋಂಕು ನಿಯಂತ್ರಣದ ಸಿಸ್ಟರ್, “ಮೊಣಕೈಯಿಂದ ಕೆಳಗೆ ಏನೂ ಇರಬಾರದು” ಎಂದು ಬಿಚ್ಚಿಸಿದರು. ಬಳೆ, ಉಂಗುರ, ಉಗುರುಬಣ್ಣ ಎಲ್ಲಕ್ಕೂ ಅದೇ ಗತಿ. ಎದೆಗೆ ಪಿನ್ ಹಾಕಿ ತಲೆಕೆಳಗಾಗಿ ತೂಗುಬಿಡುವ ಗಡಿಯಾರ ಬೇರೆ ಕೊಂಡೆ. ಈ ಗಡಿಯಾರದ ಕಥೆ ಮುಂದಿದೆ.

ಮೊದಲ ವಾರ ಪೂರ್ತಿ ಕೈ ತೊಳೆಯುವ ಪಾಠವೇ ಎನ್ನಬಹುದು. ಕೈಗೆ ಮಿನುಗುವ ದ್ರವ ಹಚ್ಚಿ, ತೊಳೆಸಿ, ನೇರಳಾತೀತ ದೀಪದಡಿ ಹಿಡಿಸಿದರು. ನನ್ನ ಎರಡೂ ಹೆಬ್ಬೆರಳು ದೀಪಾಲಂಕಾರದಂತೆ ಹೊಳೆಯುತ್ತಿದ್ದವು. ನಲವತ್ತು ವರ್ಷ ಹೆಬ್ಬೆರಳು ತೊಳೆಯದೇ ಬದುಕಿದ್ದೆ ಎಂದಾಯಿತು! ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ಆಲ್ಕೋಹಾಲ್ ದ್ರವವಾದರೆ 20ರಿಂದ 30 ಸೆಕೆಂಡು, ಸಾಬೂನು ನೀರಾದರೆ ಒಟ್ಟು 40ರಿಂದ 60 ಸೆಕೆಂಡು. ಕೆಲವು ಕೋಣೆಗಳ ಬಾಗಿಲಲ್ಲಿ ಸಾಬೂನು ನೀರೇ ಬಳಸಿ ಎಂಬ ಫಲಕ ಇರುತ್ತದೆ. ಕ್ಲೋಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬೇಧಿಯ ರೋಗಾಣುವಿನ ಬೀಜಕಗಳು ಆಲ್ಕೋಹಾಲಿಗೆ ಸಾಯುವುದಿಲ್ಲ, ಉಜ್ಜಿ ತೊಳೆದೇ ಹೋಗಬೇಕು.

ನನಗೆ ಕೆಲಸ ಕಲಿಸಲು ಒಬ್ಬ ಹಿರಿಯ ಟೆಕ್ನಿಷಿಯನ್ ಅವರನ್ನು ನೇಮಿಸಿದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಮಾತು ಕಡಿಮೆ. ಹಾಸಿಗೆಯ ಪಕ್ಕ ಹೋದೊಡನೆ ಅವರು ಮೊದಲು ಮಾಡುವುದು ಹಾಸಿಗೆಯನ್ನು ತಮ್ಮ ಸೊಂಟದ ಎತ್ತರಕ್ಕೆ ಏರಿಸುವುದು. ಹೊರಡುವ ಮುನ್ನ ಪೂರ್ತಿ ಇಳಿಸಿ, ಕರೆಗಂಟೆಯನ್ನು ರೋಗಿಯ ಕೈಗೆ ಕೊಡುವುದು. ನಾನು ಮೊದಲ ಮೂರು ದಿನ ಬಗ್ಗಿಯೇ ಎಲ್ಲ ಮಾಡಿ, ನಾಲ್ಕನೇ ದಿನ ಹಾಸಿಗೆಯಿಂದ ಏಳಲಾರದೆ ರಜೆ ಹಾಕಿದ ಮೇಲೆ ಅದರ ಅರ್ಥ ತಿಳಿಯಿತು.

ಒಂದು ಬದಿ ಸ್ವಾಧೀನ ತಪ್ಪಿದವರಿಗೆ ಅಂಗಿ ತೊಡಿಸುವಾಗ ಸ್ವಾಧೀನವಿಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಗಾಲಿಕುರ್ಚಿಯನ್ನು ಶಕ್ತಿ ಇರುವ ಬದಿಗೆ ಇಡಬೇಕು, ನಡೆಸುವಾಗ ನಾವು ನಿಲ್ಲಬೇಕಾದ್ದು ಶಕ್ತಿ ಇಲ್ಲದ ಬದಿಗೆ. ಡಯಾಲಿಸಿಸ್‌ಗಾಗಿ ನರ ಜೋಡಿಸಿದ ತೋಳಿಗೆ ಬಿಪಿ ಪಟ್ಟಿ ಸುತ್ತಲೇಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಣ್ಣು ತಿಂದ ಕೈ ತೊಳೆಸದೆ ಬೆರಳು ಚುಚ್ಚಿದರೆ ಸಕ್ಕರೆಯೂ ಹಾಗೇ. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ಮಾತ್ರ ತಾಗಬಾರದು. ಇಂಥವೆಲ್ಲ ತರಗತಿಯಲ್ಲಿ ಓದಿದ್ದೇ. ಆದರೆ ಎದುರಿಗೆ ನೋವಿನಿಂದ ನರಳುವ ಮನುಷ್ಯ ಇರುವಾಗ ಯಾವ ಕೈ ಮೊದಲು ಎಂಬುದೇ ಮರೆತುಹೋಗುತ್ತಿತ್ತು. ಅಂಗೈಯಗಲದ ಒಂದು ಟಿಪ್ಪಣಿ ಪುಸ್ತಕ ಜೇಬಿನಲ್ಲಿಡಿ. ರೋಗಿಯ ಹೆಸರು ಮಾತ್ರ ಅದರಲ್ಲಿ ಬೇಡ.

ಮೊದಲ ಸಲ ಅಪರಿಚಿತ ವೃದ್ಧರೊಬ್ಬರ ಮಲ ಶುಚಿಗೊಳಿಸಿದ ದಿನ ವಾಸನೆಗೆ ಹೆದರಿಕೊಂಡಿದ್ದೆ. ವಾಸನೆ ನಾಲ್ಕು ದಿನಕ್ಕೆ ಅಭ್ಯಾಸವಾಯಿತು. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡದ್ದು ಇನ್ನೂ ಅಭ್ಯಾಸವಾಗಿಲ್ಲ. ಅಕ್ಕ ಆ ಅಜ್ಜನಿಗೆ ಏನೂ ಸಮಾಧಾನ ಹೇಳಲಿಲ್ಲ. ಪರದೆ ಎಳೆದು, ತೆರೆಯಬೇಕಾದಷ್ಟನ್ನೇ ತೆರೆದು, “ಅಜ್ಜ, ಬಟ್ಟೆ ಬೆಚ್ಚಗಿದೆಯೇ, ಇನ್ನೂ ಬಿಸಿ ಬೇಕೇ?” ಎಂದು ಕೇಳಿದರು. ಅವರು ಗೋಡೆಯ ಕಡೆಯೇ ನೋಡುತ್ತ, “ಇಷ್ಟು ಸಾಕು” ಎಂದರು.

ಇನ್ನು ಗಡಿಯಾರದ ಕಥೆ. ಎರಡನೇ ತಿಂಗಳು, ಬೆಳಗಿನ ಜಾವ ನಾಲ್ಕು ಗಂಟೆ. ನನ್ನ ಪಾಲಿಗೆ ಎಂಟು ರೋಗಿಗಳು. ಬಿಪಿ, ನಾಡಿ, ಆಮ್ಲಜನಕ ಎಲ್ಲವನ್ನೂ ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ನಾವೇ ಎಣಿಸಬೇಕು. ಎಣಿಸುತ್ತಿದ್ದೇವೆ ಎಂದು ರೋಗಿಗೆ ತಿಳಿದರೆ ಉಸಿರಾಟ ಬದಲಾಗುತ್ತದೆ, ಅದಕ್ಕೆ ನಾಡಿ ಹಿಡಿದಂತೆ ಕೈ ಹಿಡಿದುಕೊಂಡೇ ಎದೆಯ ಏರಿಳಿತ ನೋಡಬೇಕು. ಅಂದು ನಾನು ಎಂಟೂ ಸಾಲಿಗೆ 18 ಎಂದು ಬರೆದೆ. ಹಿಂದಿನ ಪಾಳಿಯವರು ಬರೆದದ್ದೂ 18. ಅಕ್ಕ ಹಾಳೆ ನೋಡಿ, “ಎಂಟು ಜನರೂ ಒಂದೇ ತಾಳಕ್ಕೆ ಉಸಿರಾಡುತ್ತಿದ್ದಾರೆಯೇ?” ಎಂದರು. ಎಣಿಸಿದೆ ಅಕ್ಕ, ಎಂದೆ. ಅವರು ನನ್ನ ಎದೆಯ ಮೇಲಿನ ಗಡಿಯಾರವನ್ನು ಬೆರಳಿನಿಂದ ಎತ್ತಿ ತೋರಿಸಿದರು. ಅದು ಒಂದೂ ಇಪ್ಪತ್ತಕ್ಕೆ ನಿಂತುಹೋಗಿತ್ತು.

ಭೂಮಿ ಬಾಯಿಬಿಡಬಾರದೇ ಎನಿಸಿತು. ಅವರು ಬೈಯಲಿಲ್ಲ, ತಮ್ಮ ಗಡಿಯಾರ ಬಿಚ್ಚಿ ಕೊಟ್ಟರು. ಇನ್ನೊಮ್ಮೆ ಎಂಟೂ ಹಾಸಿಗೆಗೆ ಹೋದೆ, ಒಬ್ಬೊಬ್ಬರಿಗೆ ಪೂರ್ತಿ ಒಂದು ನಿಮಿಷ. 14, 16, 20, 18, 16. ಆರನೆಯವರು ಎರಡು ದಿನದ ಹಿಂದೆ ಶಸ್ತ್ರಚಿಕಿತ್ಸೆಯಾದ ಹೆಂಗಸು, ನಿದ್ದೆಯಲ್ಲಿದ್ದಂತೆ ಕಾಣುತ್ತಿದ್ದರು: 28. ನಂಬಿಕೆಯಾಗದೆ ಮತ್ತೆ ಎಣಿಸಿದೆ. 28. ಸಿಸ್ಟರಿಗೆ ಹೇಳಿದೆ, ಅವರು ಎದ್ದು ಓಡಿಯೇ ಬಂದರು, ವೈದ್ಯರನ್ನು ಕರೆಸಿದರು, ಬೆಳಗಾಗುವುದರೊಳಗೆ ಆಕೆಯನ್ನು ಬೇರೆ ವಿಭಾಗಕ್ಕೆ ಸಾಗಿಸಿದರು. ಮುಂದೇನಾಯಿತೆಂದು ನನಗೆ ಯಾರೂ ಹೇಳಲಿಲ್ಲ, ಕೇಳುವ ಹಕ್ಕೂ ನನಗಿಲ್ಲ. ನಮ್ಮ ಕಣ್ಣೆದುರಿನಿಂದ ಹೋದ ರೋಗಿಯ ಕಡತವನ್ನು ಕುತೂಹಲಕ್ಕೆ ತೆರೆದು ನೋಡುವುದು ಕೆಲಸ ಕಳೆದುಕೊಳ್ಳುವಂಥ ತಪ್ಪು. ಸುಳ್ಳು 18 ಬರೆದ ಹಾಳೆಯಲ್ಲಿ ಪ್ರತಿ ಅಂಕಿಯನ್ನೂ ಒಂದೇ ಗೀಟಿನಿಂದ ಹೊಡೆದು, ಸಮಯ ಬರೆದು, ಸಹಿ ಹಾಕಿಸಿದರು. ಆ ಹಾಳೆ ಅಲ್ಲೇ ಇರುತ್ತದೆ, ಹರಿದು ಎಸೆಯುವಂತಿಲ್ಲ. ಪುಸ್ತಿಕೆಯಲ್ಲಿ ಉಸಿರು ಎಣಿಸುವ ಪುಟದ ಸಹಿ ಅಂದು ನನಗೆ ಸಿಗಲಿಲ್ಲ. ಎಣಿಸಿ ತೋರಿಸಿ, ಮೂರು ವಾರಕ್ಕೆ ಸಿಕ್ಕಿತು.

ಮೂರನೇ ತಿಂಗಳ ಕೊನೆಗೆ 41 ಸಹಿಗಳಾದವು. ಉಳಿದದ್ದು ಒಂದೇ: ಮರಣಾನಂತರದ ಆರೈಕೆ. ಅದರ ಸಹಿಗೆ ಯಾರಾದರೂ ಸಾಯಬೇಕು, ನನ್ನ ಪಾಳಿಯಲ್ಲೇ ಸಾಯಬೇಕು. ಪುಸ್ತಿಕೆ ಮುಗಿಯದೆ ಕೆಲಸ ಖಾಯಂ ಆಗುವುದಿಲ್ಲ. ಎರಡು ವಾರ ಪ್ರತಿ ಪಾಳಿಗೂ ಹೋಗುವಾಗ ಏನನ್ನು ಕಾಯುತ್ತಿದ್ದೇನೆ ಎಂದು ನನಗೇ ನೆನಪಾಗಿ ಮೈ ಹಿಡಿಯಾಗುತ್ತಿತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. ಇದನ್ನು ಓದುವವರಿಗೂ ಆ ಕಾಯುವಿಕೆ ಬಂದರೆ ನೀವೊಬ್ಬರೇ ಅಲ್ಲ ಎಂದು ತಿಳಿಯಲಿ, ಅದಕ್ಕಾಗಿಯೇ ಬರೆದೆ.

ಮಂಗಳವಾರ ಬೆಳಿಗ್ಗೆ ಐದಕ್ಕೆ, ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ ಆ ಅಜ್ಜ ಹೋದರು. ಮತ್ತೆ ದಾಖಲಾಗಿ ಆರು ದಿನವಾಗಿತ್ತು. ವೈದ್ಯರು ದೃಢಪಡಿಸಿ, ಮನೆಯವರು ನೋಡಿ ಹೊರಗೆ ಕುಳಿತ ಮೇಲೆ ಅಕ್ಕ ಬೆಚ್ಚನೆಯ ನೀರು ತಂದರು. ತಣ್ಣೀರು ಸಾಲದೇ ಎಂದು ನಾನು ಕೇಳಲಿಲ್ಲ. ತಲೆಯಡಿ ದಿಂಬು ಇಟ್ಟೆವು, ಇಲ್ಲದಿದ್ದರೆ ರಕ್ತ ಇಳಿದು ಮುಖ ಕಂದುತ್ತದೆ. ಸಿಸ್ಟರ್ ಹೇಳಿದ ನಳಿಕೆಗಳನ್ನು ಮಾತ್ರ ತೆಗೆದದ್ದಾಯಿತು. ಪೊಲೀಸ್ ತನಿಖೆಗೆ ಹೋಗುವ ಸಾವಾದರೆ ಯಾವುದನ್ನೂ ಮುಟ್ಟಬಾರದು. ಅಕ್ಕ ಭುಜ ಹಿಡಿದು, “ಅಜ್ಜ, ಈಗ ನಿಮ್ಮನ್ನು ಬಲಕ್ಕೆ ಹೊರಳಿಸುತ್ತೇವೆ” ಎಂದರು. ನಾನು ಬೆನ್ನು ಒರೆಸಿದೆ. ಗುರುತಿನ ಪಟ್ಟಿಯ ಹೆಸರನ್ನು ಇಬ್ಬರೂ ಗಟ್ಟಿಯಾಗಿ ಓದಿಕೊಂಡೆವು.

ಕೈ ತೊಳೆದು ಬಂದು ಅಕ್ಕ ಪುಸ್ತಿಕೆಗೆ ಸಹಿ ಹಾಕಿದರು, 5.50 ಎಂದು ಬರೆದರು. ಪಾಳಿ ಮುಗಿಸಿ ಸಿಬ್ಬಂದಿ ವಿಭಾಗಕ್ಕೆ ಒಯ್ದು ಕೊಟ್ಟೆ. ಅಲ್ಲಿದ್ದವರು ಪುಟ ತಿರುವಿ 42ನ್ನೂ ಬೆರಳಿಟ್ಟು ಎಣಿಸಿ, ಕೊನೆಯ ಪುಟದ ಎರಡು ಜೆರಾಕ್ಸ್ ಪ್ರತಿ ಬೇಕು ಎಂದರು. ನೀವು ಹೋಗುವಾಗ ಮೊದಲೇ ಮಾಡಿಸಿಕೊಂಡು ಹೋಗಿ, ಅವರ ಯಂತ್ರ ಒಂಬತ್ತಕ್ಕೆ ಮುಂಚೆ ಶುರುವಾಗುವುದಿಲ್ಲ.